ದಾಖಲೆ ಇಲ್ಲದ ವರ್ಷ ಹೂವೂ ಇರಲಿಲ್ವಾ?

ಪ್ರಶ್ನೆ: ಮಗಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದಾಗ, ಮಾರ್ಚ್‌ನಲ್ಲಿ ಡೆತ್ ವ್ಯಾಲಿ ಮರುಭೂಮಿ ನೋಡಿದೆವು. ಕಲ್ಲುಗಳ ಸಂದಿಯಲ್ಲಿ ಒಂದು ನಸುಗೆಂಪು ಹೂವು. ಐದು ಎಸಳು, ಒಳಗೆ ಐದು ಕೆಂಪು ಮಚ್ಚೆ. 'ಡೆಸರ್ಟ್ ಫೈವ್‌ಸ್ಪಾಟ್' ಅಂತೆ. ಅದರ ಹರ್ಬೇರಿಯಂ (ಒಣಗಿಸಿದ ಗಿಡಗಳ ಸಂಗ್ರಹ) ದಾಖಲೆ ತೆಗೆದು ನೋಡಿದರೆ ಕೆಲವು ವರ್ಷ ಸಾಲು ಸಾಲು ನಮೂದು, ಕೆಲವು ವರ್ಷ ಒಂದೂ ಇಲ್ಲ. ಆಗ ಹೂವೇ ಬಿಟ್ಟಿರಲಿಲ್ಲವೇ?
– ಒಬ್ಬ ಓದುಗರು, ಮೈಸೂರು

ಉತ್ತರ: ನೀವು ನೋಡಿದ್ದು ನಮ್ಮ ದಾಸವಾಳದ ಬಳಗದ್ದೇ. ಬೆಂಡೆ, ಹತ್ತಿ ಎಲ್ಲ ಅದರ ನೆಂಟರು. ಸಸ್ಯಶಾಸ್ತ್ರದಲ್ಲಿ ಎರೆಮಾಲ್ಕೆ ರೊಟುಂಡಿಫೋಲಿಯಾ ಎನ್ನುತ್ತಾರೆ. ರೊಟುಂಡಿಫೋಲಿಯಾ ಅಂದರೆ ದುಂಡನೆಯ ಎಲೆಯದು.

ಡೆತ್ ವ್ಯಾಲಿಯಲ್ಲಿ ವರ್ಷಕ್ಕೆ ಸುಮಾರು ಎರಡು ಇಂಚು ಮಳೆ, ಅಷ್ಟೇ. ಚಳಿಗಾಲದಲ್ಲಿ ಹದವಾಗಿ ಮಳೆ ಬಿದ್ದರೆ ಬೀಜ ಮೊಳೆಯುತ್ತದೆ. ಇಲ್ಲದಿದ್ದರೆ ಮಣ್ಣಿನಲ್ಲೇ ಕಾಯುತ್ತದೆ. 2005, 2016ರಂಥ ವರ್ಷಗಳಲ್ಲಿ ಕಣಿವೆ ತುಂಬ ಹೂವು, ನೋಡಲು ಬರುವ ಜನವೂ ಜಾಸ್ತಿ. ಬರದ ವರ್ಷ ಯಾವುದೋ ಹಳ್ಳದ ಬದಿಯಲ್ಲಿ ನಾಲ್ಕು ಗಿಡ ಹೂ ಬಿಟ್ಟರೂ ಅಲ್ಲಿಗೆ ಯಾರು ಹೋಗುತ್ತಾರೆ? ಹೋದವರು ಕಿತ್ತು, ಒತ್ತಿ, ಒಣಗಿಸಿ, ಹಾಳೆಗೆ ಅಂಟಿಸಿದರೆ ತಾನೇ ದಾಖಲೆ! ಗಿಡ ಇತ್ತು ಎನ್ನುವುದಕ್ಕೆ ಆ ಹಾಳೆ ಗಟ್ಟಿ ಸಾಕ್ಷಿ. ಆದರೆ ಹಾಳೆ ಇಲ್ಲ ಅಂದ ಮಾತ್ರಕ್ಕೆ ಗಿಡ ಇರಲಿಲ್ಲ ಎನ್ನುವಂತಿಲ್ಲ.

ಆ ಹಾಳೆಯ ಮೂಲೆಯಲ್ಲಿರುವ ಚೀಟಿಯ ಮೇಲೆ ನನಗೆ ಬಲು ಪ್ರೀತಿ. ಒಣಗಿದ ಮೇಲೆ ಹೂವಿನ ಬಣ್ಣ ಮಾಸುತ್ತದೆ. ಬಣ್ಣ, ಊರು, ಎತ್ತರ, ಮಣ್ಣು, ತಾರೀಖು ಎಲ್ಲ ಉಳಿಯುವುದು ಚೀಟಿಯಲ್ಲೇ. 1891ರಲ್ಲಿ ಅಮೆರಿಕದ ಸಸ್ಯಶಾಸ್ತ್ರಜ್ಞ ಫ್ರೆಡರಿಕ್ ಕೋವಿಲ್ ಮತ್ತು ಜೊತೆಯವರು ಡೆತ್ ವ್ಯಾಲಿಯಲ್ಲಿ ಗಿಡ ಸಂಗ್ರಹಿಸಿದರು. ಅಂಥ ಹಳೆಯ ಹಾಳೆಗಳಲ್ಲಿ ತಾರೀಖು ಇರುವುದರಿಂದಲೇ, ಆಗ ಯಾವ ತಿಂಗಳು ಹೂ ಬಿಡುತ್ತಿತ್ತು, ಈಗ ಯಾವಾಗ ಬಿಡುತ್ತಿದೆ ಎಂದು ಹೋಲಿಸಿ ನೋಡಬಹುದು.

ಬಿ.ಎಸ್ಸಿ. ಓದುವಾಗ ಚಿತ್ರದುರ್ಗದ ಕಡೆ ಒಂದು ಗಿಡ ತಂದು, ಹಳೆ ಪೇಪರಿನಲ್ಲಿ ಒತ್ತಿ, ಚೀಟಿಯಲ್ಲಿ ಸುಮ್ನೆ 'ರಸ್ತೆ ಬದಿ' ಎಂದು ಬರೆದಿದ್ದೆ. "ಯಾವ ರಸ್ತೆ? ಯಾವ ದಿನ?" ಎಂದು ಮೇಷ್ಟ್ರು ಕೇಳಿದರು. ನನಗೆ ನೆನಪಿರಲಿಲ್ಲ. ಎಸಳು ಒಂದೂ ಹರಿಯದ ಆ ಹಾಳೆಯನ್ನು ಅವರು ತೆಗೆದುಕೊಳ್ಳಲಿಲ್ಲ. ಆ ಗಿಡವನ್ನು ಸುಮ್ಮನೆ ಕಿತ್ತೆನಲ್ಲ ಎಂದು ಈಗಲೂ ಬೇಸರವಾಗುತ್ತದೆ.

ನೀವು ಹೂ ಕೀಳದೆ ಬಂದಿದ್ದೀರಿ ಅಲ್ವಾ? ಅದೇ ಸರಿ, ರಾಷ್ಟ್ರೀಯ ಉದ್ಯಾನದಲ್ಲಿ ಅನುಮತಿ ಇಲ್ಲದೆ ಕೀಳುವಂತಿಲ್ಲ. ಫೋಟೊ ತೆಗೆದಿದ್ದರೆ ದಿನ, ಜಾಗ ಮರೆಯುವ ಮುಂಚೆ ಅದರ ಜೊತೆ ಬರೆದಿಡಿ. ದುಂಡನೆಯ ಎಲೆಯೂ ಅದರಲ್ಲಿ ಬಂದಿದ್ದರೆ ನನಗೂ ಒಂದು ಪ್ರತಿ ಕಳಿಸಿ.