ಮೊದಲು ದಾರಿ, ಆಮೇಲೆ ಕಟ್ಟಡ

ನಮಸ್ಕಾರ. ಬೆಳೆಯುತ್ತಿರುವ ನಿಮ್ಮ ಕ್ಯಾಂಪಸ್‌ನ ಮಾಸ್ಟರ್ ಪ್ಲಾನ್‌ನಲ್ಲಿ ಹೊಸ ವಿಭಾಗಗಳ ಜಾಗವನ್ನು ಮೊದಲೇ ಗುರುತಿಸಬೇಕಾ ಎಂದು ಕೇಳಿದ್ದೀರಿ. ಅದಕ್ಕೆ ಅವಸರ ಬೇಡ. ಹತ್ತು ವರ್ಷ ಬಿಟ್ಟು ಯಾವ ವಿಭಾಗ ಬರುತ್ತದೋ ಯಾರಿಗೆ ಗೊತ್ತು? ಮೊದಲು ಮಳೆನೀರು ಹರಿಯುವ ದಾರಿ, ಆಮೇಲೆ ಜನ ನಡೆಯುವ ದಾರಿ ಗುರುತಿಸಿ.

ಸಾಧ್ಯವಾದರೆ ಬನ್ನೇರುಘಟ್ಟ ರಸ್ತೆಯ ಐಐಎಂ ಬೆಂಗಳೂರನ್ನು ನೋಡಿ ಬನ್ನಿ. ಅದನ್ನು ವಿನ್ಯಾಸ ಮಾಡಿದ ವಾಸ್ತುಶಿಲ್ಪಿ ಬಿ.ವಿ. ದೋಶಿ ಅಲ್ಲಿ ಕಟ್ಟಡಗಳನ್ನು ಸುಮ್ನೆ ಅಲ್ಲೊಂದು ಇಲ್ಲೊಂದು ಇಡಲಿಲ್ಲ. ಫತೇಪುರ್ ಸಿಕ್ರಿಯ ಅಂಗಳಗಳಿಂದ ಪ್ರೇರಣೆ ಪಡೆದು, ಎಲ್ಲವನ್ನೂ ಎತ್ತರದ ಕಾರಿಡಾರ್‌ಗಳಿಂದ ಹೆಣೆದರು. ಒರಟು ಕಲ್ಲಿನ ಗೋಡೆ, ಕೆಲವು ಕಡೆ ಆಕಾಶ ಕಾಣುವ ಮಾಡು, ಬಳ್ಳಿಯ ನೆರಳು. ಕ್ಲಾಸ್ ಮುಗಿಸಿ ಬಂದವರು ಅಲ್ಲೇ ನಿಂತು ಮಾತಾಡಬಹುದು. ನನಗೆ ತುಂಬಾ ಇಷ್ಟವಾದದ್ದು ಅದೇ. ಕಲಿಕೆ ಜಾಸ್ತಿ ನಡೆಯುವುದೂ ಅಂಥ ಕಡೆಯೇ ಅಲ್ವಾ?

ನೀವೂ ಹೀಗೆ ಒಂದು ನೆರಳಿನ ನಡುದಾರಿ ಮಾಡಿ, ಅದರ ತುದಿಯನ್ನು ಮುಚ್ಚದೆ ಬಿಡಿ. ಹೊಸ ಕಟ್ಟಡಗಳು ಅದಕ್ಕೇ ಅಂಟಿಕೊಂಡು ಬೆಳೆಯಲಿ. ವಾಹನಗಳ ರಸ್ತೆ, ಪಾರ್ಕಿಂಗ್ ಹೊರಸುತ್ತಿನಲ್ಲಿರಲಿ. ಕೇಬಲ್, ಪೈಪುಗಳಿಗೆ ಈಗಲೇ ಜಾಗ ಬಿಡಿ, ಇಲ್ಲದಿದ್ದರೆ ಪ್ರತಿ ಸಲ ದಾರಿ ಅಗೆಯಬೇಕಾಗುತ್ತದೆ. ದೊಡ್ಡ ಮರಗಳನ್ನು ಒಂದೊಂದಾಗಿ ನಕ್ಷೆಯಲ್ಲಿ ಗುರುತು ಹಾಕಿಸಿ. ದಯವಿಟ್ಟು ಇದನ್ನು ಮಾತ್ರ ಮುಂದೂಡಬೇಡಿ.