ಮಗ ತಟ್ಟೆಯ ಮುಂದೆ ಶಿಲುಬೆ ಗುರುತು ಹಾಕುತ್ತಾನೆ

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯದ ಸುತ್ತ ಇವೆ: ಕ್ಯಾಥೊಲಿಕ್ ಪ್ರಾಥಮಿಕ ಶಾಲೆಯ ಪ್ರಾರ್ಥನೆ. ಮಂಗಳೂರು ಕಡೆ ಹುಟ್ಟಿ, ಇಂಗ್ಲೆಂಡಿನ ಕ್ಯಾಥೊಲಿಕ್ ಪ್ರೈಮರಿ ಶಾಲೆಗಳಲ್ಲಿ ಕಲಿಸಿ ನಿವೃತ್ತಳಾದ ನನಗೆ ಇದು ಬಹಳ ಹತ್ತಿರದ ವಿಷಯ. ಮೊದಲ ಪತ್ರಕ್ಕೆ ಹೆಚ್ಚು ಜಾಗ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮಸ್ಕಾರ ಟೀಚರ್. ನಾವು ದಾವಣಗೆರೆ ಕಡೆಯವರು, ಲಿಂಗಾಯತರು. ಈಗ ಇಂಗ್ಲೆಂಡಿನ ರೆಡಿಂಗ್ ಹತ್ತಿರ ಇದ್ದೇವೆ. ಮನೆಗೆ ಹತ್ತಿರ, ಸೀಟೂ ಇತ್ತು ಅಂತ ಮಗನನ್ನು ಕ್ಯಾಥೊಲಿಕ್ ಪ್ರೈಮರಿ ಶಾಲೆಗೆ ಸೇರಿಸಿದೆವು. ಈಗ ಇಯರ್ ಒನ್. ಪಾಠದ ಬಗ್ಗೆ ನಮ್ಮದೇನೂ ತಕರಾರಿಲ್ಲ. ಮೊನ್ನೆ ಊರಿಂದ ಅತ್ತೆ ಬಂದರು. ಊಟಕ್ಕೆ ಕೂತಾಗ ಮಗ ಹಣೆ, ಎದೆ, ಭುಜ ಮುಟ್ಟಿಕೊಂಡು ಇಂಗ್ಲಿಷಿನಲ್ಲಿ ಏನೋ ಹೇಳಿದ. ಅತ್ತೆ ಅವತ್ತು ರಾತ್ರಿ ಊಟ ಮಾಡಲಿಲ್ಲ. ಮಗುವನ್ನು ಪ್ರಾರ್ಥನೆಯಿಂದ ಹೊರಗಿಡಿ ಅಂತ ಹೆಡ್ ಟೀಚರಿಗೆ ಬರೆಯೋಣ ಅಂತಾರೆ ನಮ್ಮನೆಯವರು. ಎಲ್ಲರೂ ಒಟ್ಟಿಗೆ ಇರುವಾಗ ನನ್ನ ಮಗ ಮಾತ್ರ ಬೇರೆ ಕಡೆ ಕೂರಬೇಕಲ್ಲ ಅಂತ ನನಗೆ ಸಂಕಟ. ಅಲ್ಲಿ ನಿಜವಾಗಿ ಏನು ನಡೆಯುತ್ತದೆ? ನಾವೇನು ಮಾಡಬೇಕು?
(ಹೆಸರು ಬೇಡ ಎಂದಿದ್ದಾರೆ)

ಉತ್ತರ: ಹಾಗೆ ಬರೆಯುವ ಹಕ್ಕು ನಿಮಗಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಲ್ಲಿರುವ ನಮ್ಮವರಲ್ಲಿ ಅನೇಕರು, ಸೀಟು ಕೊಟ್ಟಿದ್ದಾರೆ, ಇನ್ನು ಬಾಯಿ ಬಿಡಬಾರದು ಎಂದುಕೊಂಡಿರುತ್ತಾರೆ. ಇಂಗ್ಲೆಂಡಿನಲ್ಲಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಓದುವ ಯಾವ ಮಗುವನ್ನೇ ಆಗಲಿ, ಕಲೆಕ್ಟಿವ್ ವರ್ಶಿಪ್ ಎಂದು ಕರೆಯುವ ದಿನದ ಸಾಮೂಹಿಕ ಪ್ರಾರ್ಥನೆಯಿಂದ ಹೊರಗಿಡುವಂತೆ ತಂದೆತಾಯಿ ಕೇಳಬಹುದು. 1998ರ ಶಾಲಾ ಕಾಯ್ದೆಯ 71ನೇ ಸೆಕ್ಷನ್ ಈ ಹಕ್ಕು ಕೊಡುತ್ತದೆ. ಕ್ಯಾಥೊಲಿಕ್ ಶಾಲೆಗೂ ಅನ್ವಯಿಸುತ್ತದೆ. ಸರ್ಕಾರದೊಂದಿಗೆ ನೇರ ಒಪ್ಪಂದ ಮಾಡಿಕೊಂಡು ನಡೆಯುವ ಅಕಾಡೆಮಿ ಶಾಲೆಯಾದರೆ ಆ ಒಪ್ಪಂದದ ಮೂಲಕ ಅದೇ ಹಕ್ಕು ಸಿಗುತ್ತದೆ. ಕಾರಣ ಹೇಳಬೇಕಾಗಿಲ್ಲ. ಪೂರ್ತಿಯಾಗಿಯೂ ಕೇಳಬಹುದು, ಇಷ್ಟು ಭಾಗ ಮಾತ್ರ ಬೇಡ ಎಂದೂ ಕೇಳಬಹುದು. ಆ ಹೊತ್ತಿನಲ್ಲಿ ಮಗುವನ್ನು ನೋಡಿಕೊಳ್ಳುವ ಹೊಣೆ ಶಾಲೆಯದೇ.

ಬೇರೆ ಶಾಲೆಗೆ ಹಾಕಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ ಎಂದು ನಿಮ್ಮ ಯಜಮಾನರಿಗೆ ಅನ್ನಿಸಿರಬಹುದು. ಅದೂ ಪೂರ್ತಿ ನಿಜವಲ್ಲ. ದಿನಕ್ಕೊಮ್ಮೆ ಸಾಮೂಹಿಕ ಪ್ರಾರ್ಥನೆ ನಡೆಯಬೇಕೆಂಬ ಕಾನೂನು 1944ರಿಂದ ಎಲ್ಲ ಸರ್ಕಾರಿ ಶಾಲೆಗಳಿಗೂ ಇದೆ. ಯಾವ ಚರ್ಚಿಗೂ ಸೇರದ ಶಾಲೆಯಲ್ಲೂ ಅದು ಬಹುಮಟ್ಟಿಗೆ ಕ್ರೈಸ್ತ ಸ್ವರೂಪದ್ದಾಗಿರಬೇಕು ಎಂದು 1988ರ ಕಾಯ್ದೆ ಹೇಳಿತು. ಅಂಥ ಎಷ್ಟೋ ಶಾಲೆಗಳಲ್ಲಿ ಅದು ಒಂದು ನೀತಿಕಥೆ, ಒಂದು ಹಾಡಿಗೆ ಮುಗಿದುಹೋಗುತ್ತದೆ. ಕ್ಯಾಥೊಲಿಕ್ ಶಾಲೆಯಲ್ಲಿ ಹಾಗೆ ಮುಗಿಯುವುದಿಲ್ಲ. ಕ್ಯಾಥೊಲಿಕ್ ಶಾಲೆಗಳ ತಪಾಸಣೆಗೆಂದೇ 2022ರಲ್ಲಿ ಶುರುವಾದ ವ್ಯವಸ್ಥೆಯೊಂದಿದೆ. ಆ ತಪಾಸಕರು ಬಂದಾಗ ಧರ್ಮಬೋಧೆಯನ್ನು ನೋಡುವಂತೆ ಪ್ರಾರ್ಥನೆಯನ್ನೂ ಪ್ರತ್ಯೇಕವಾಗಿ ನೋಡಿ ದರ್ಜೆ ಕೊಡುತ್ತಾರೆ. ಹಾಗಾಗಿ ನಿಮ್ಮ ಮಗನಿಗೋಸ್ಕರ ಶಾಲೆ ತನ್ನ ಪ್ರಾರ್ಥನೆಯನ್ನು ತೆಳುವಾಗಿಸುತ್ತದೆ ಎಂದು ಎದುರುನೋಡಬೇಡಿ. ಮಾಡಲೂಬಾರದು ಎಂಬುದು ನನ್ನ ಅಭಿಪ್ರಾಯ.

ಇನ್ನು ಅಲ್ಲಿ ನಡೆಯುವುದೇನು ಎಂದು ಕೇಳಿದ್ದೀರಿ. ತರಗತಿಯ ಒಂದು ಮೂಲೆಯಲ್ಲಿ ಪುಟ್ಟ ಮೇಜು ಇರುತ್ತದೆ. ಅದರ ಮೇಲೆ ಹಾಸಿದ ಬಟ್ಟೆಯ ಬಣ್ಣ ಚರ್ಚಿನ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಸಾಧಾರಣ ದಿನಗಳಿಗೆ ಹಸಿರು, ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲಕ್ಕೂ ಈಸ್ಟರಿಗೆ ಮುಂಚಿನ ತಪಸ್ಸು ಕಾಲಕ್ಕೂ ನೇರಳೆ, ಹಬ್ಬ ಬಂದಾಗ ಬಿಳಿ. ಬಟ್ಟೆಯ ಮೇಲೆ ಮರದ ಶಿಲುಬೆ, ತೆರೆದಿಟ್ಟ ಬೈಬಲ್, ಬ್ಯಾಟರಿಯ ಮೇಣದಬತ್ತಿ. ಮಕ್ಕಳು ಕಾರ್ಪೆಟ್ಟಿನ ಮೇಲೆ ಅರ್ಧವೃತ್ತವಾಗಿ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ಅವತ್ತಿನ ಸರದಿಯ ಇಬ್ಬರು ಮುಂದೆ ಬಂದು ಬತ್ತಿಯ ಗುಂಡಿ ಒತ್ತುತ್ತಾರೆ. ಸಣ್ಣದೊಂದು ಹಾಡು, ಶಿಲುಬೆ ಗುರುತು. ಆಮೇಲೆ ಬೈಬಲಿನಿಂದ ಕೆಲವೇ ಸಾಲು, ಯೇಸು ಹೇಳಿದ ಸಾಸಿವೆ ಕಾಳಿನ ಸಾಮತಿ, ಅಂದರೆ ದೃಷ್ಟಾಂತ ಕಥೆ, ಎಂದಿಟ್ಟುಕೊಳ್ಳಿ. ಓದಿದ ಮೇಲೆ ಯಾರೂ ಮಾತಾಡುವುದಿಲ್ಲ. ಐದಾರು ವರ್ಷದ ಮಕ್ಕಳು ಮೂವತ್ತು ಜನ ಒಂದು ನಿಮಿಷ ಸುಮ್ಮನೆ ಕೂರುವುದನ್ನು ನೋಡದವರಿಗೆ ಹೇಳಿ ನಂಬಿಸುವುದು ಕಷ್ಟ. ನನ್ನ ವೃತ್ತಿಯಲ್ಲಿ ನಾನು ಅತಿ ಹೆಚ್ಚು ಪ್ರೀತಿಸಿದ ಹೊತ್ತು ಅದು. ಬಳಿಕ ಒಬ್ಬೊಬ್ಬರೂ ಕಾಗದದ ಎಲೆಯೊಂದನ್ನು ತಂದು ಮೇಜಿನ ಮೇಲಿಡುತ್ತಾರೆ. ಅಜ್ಜನಿಗೆ ಕಾಲುನೋವು, ಬೆಕ್ಕು ಕಾಣೆಯಾಗಿದೆ, ಅಪ್ಪನಿಗೆ ಕೆಲಸ ಸಿಗಲಿ. ಹೇಳುವ ಮಕ್ಕಳು ಹೇಳುತ್ತಾರೆ, ಹೇಳದವರು ಎಲೆ ಇಟ್ಟು ಬರುತ್ತಾರೆ. ಕೊನೆಗೆ, ಆಟದ ಹೊತ್ತಿನಲ್ಲಿ ಒಬ್ಬರೇ ನಿಂತವರನ್ನು ಕರೆದು ಆಡಿಸಿಕೊಳ್ಳೋಣ ಎಂಬಂಥ ಒಂದು ಕೆಲಸವನ್ನು ಒಪ್ಪಿಕೊಂಡು ಏಳುತ್ತಾರೆ. ಇಷ್ಟಕ್ಕೆ ಹತ್ತು ಹದಿನೈದು ನಿಮಿಷ.

ಇದಲ್ಲದೆ ಬೆಳಿಗ್ಗೆ ಬಂದಾಗ, ಊಟಕ್ಕೆ ಮುಂಚೆ, ಮನೆಗೆ ಹೊರಡುವಾಗ ಚಿಕ್ಕ ಚಿಕ್ಕ ಪ್ರಾರ್ಥನೆಗಳಿರುತ್ತವೆ. ನಿಮ್ಮ ಮಗ ತಟ್ಟೆಯ ಮುಂದೆ ಹೇಳಿದ್ದು ಆ ಊಟದ ಪ್ರಾರ್ಥನೆ: ಪ್ರಭುವೇ, ನಮ್ಮನ್ನೂ ನೀನು ಕೊಟ್ಟ ಈ ಆಹಾರವನ್ನೂ ಹರಸು. ಹೊರಗಿಡಿ ಎಂದು ಪೂರ್ತಿ ಬರೆದುಕೊಟ್ಟರೆ ಏನಾಗುತ್ತದೆ ಎಂಬುದನ್ನು ಇಲ್ಲೇ ಯೋಚಿಸಿ. ಪ್ರಾರ್ಥನೆ ದಿನದ ತುಂಬ ಹರಡಿಕೊಂಡಿರುವ ಶಾಲೆಯಲ್ಲಿ ಮಗು ಮತ್ತೆ ಮತ್ತೆ ಎದ್ದು ಹೊರಗೆ ಹೋಗಬೇಕಾಗುತ್ತದೆ. ಹಾಗಂತ ಏನೂ ಹೇಳದೆ ಬಿಟ್ಟರೆ, ತನ್ನದಲ್ಲದ ಮಾತನ್ನು ತನ್ನದೆಂಬಂತೆ ಹೇಳುವುದನ್ನು ಅವನು ರೂಢಿ ಮಾಡಿಕೊಳ್ಳುತ್ತಾನೆ. ಪ್ರಾರ್ಥನೆಯಲ್ಲಿ ನಂಬಿಕೆಯಿರುವ ನನಗೆ ಇದು ಹೆಚ್ಚು ನೋವಿನ ಸಂಗತಿ. ಒಳಗೆ ಇಲ್ಲದ್ದನ್ನು ಬಾಯಲ್ಲಿ ಹೇಳಿಸುವ ಅಧಿಕಾರ ಯಾವ ಟೀಚರಿಗೂ ಇಲ್ಲ. ಕ್ಯಾಥೊಲಿಕ್ ಚರ್ಚಿನ ನಿಲುವೂ ಅದೇ. 1965ರಲ್ಲಿ ಜಗತ್ತಿನ ಕ್ಯಾಥೊಲಿಕ್ ಬಿಷಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆ ಹೊರಡಿಸಿದಾಗ, ಆತ್ಮಸಾಕ್ಷಿಗೆ ವಿರುದ್ಧವಾಗಿ ನಡೆಯುವಂತೆ ಯಾರನ್ನೂ ಬಲವಂತ ಮಾಡಬಾರದು ಎಂದು ಸ್ಪಷ್ಟವಾಗಿ ಹೇಳಿತು.

ಪ್ರಾರ್ಥನೆಯ ಜಾಗದಲ್ಲಿ ಮಗು ಕೂತಿರಲಿ, ಆದರೆ ಪ್ರಾರ್ಥನೆ ಹೇಳದಿರಲಿ. ನಾನು ಕೊಡುವ ಸಲಹೆ ಇದೇ. ನನ್ನ ತರಗತಿಯಲ್ಲಿ ಒಬ್ಬ ಮುಸ್ಲಿಂ ಹುಡುಗನಿದ್ದ. ಉಳಿದವರು ಕೈ ಜೋಡಿಸುವಾಗ ಅವನು ಎರಡೂ ಅಂಗೈ ಮೇಲೆ ಮಾಡಿ ಮೊಣಕಾಲ ಮೇಲಿಟ್ಟುಕೊಂಡು ನೆಟ್ಟಗೆ ಕೂರುತ್ತಿದ್ದ. ಅವನ ತಾಯಿ ಹಾಗೆ ಹೇಳಿಕೊಟ್ಟು, ನನಗೂ ಬಂದು ತಿಳಿಸಿ ಹೋಗಿದ್ದರು. ಬೈಬಲಿನ ಕಥೆಯನ್ನು ಅವನು ಎಲ್ಲರಿಗಿಂತ ಗಮನವಿಟ್ಟು ಕೇಳುತ್ತಿದ್ದ. ಮೌನದ ನಿಮಿಷವಂತೂ ಅವನದೂ ಆಗಿತ್ತು. ಪಕ್ಕದ ಮಕ್ಕಳು ಒಂದೇ ಒಂದು ಸಲ, ಯಾಕೆ ಹೀಗೆ ಎಂದು ಕೇಳಿದರು. ನಮ್ಮ ಮನೆಯಲ್ಲಿ ಹೀಗೆ ಎಂದ. ಅಲ್ಲಿಗೆ ಆ ಮಾತು ಮುಗಿಯಿತು.

ಹೆಡ್ ಟೀಚರಿಗೆ ಬರೆಯುವ ಮುಂಚೆ ತರಗತಿಯ ಟೀಚರ ಹತ್ತಿರ ಹತ್ತು ನಿಮಿಷ ಕೇಳಿಕೊಳ್ಳಿ. ಏನು ಬೇಕು, ಏನು ಬೇಡ ಎಂದು ಬಿಡಿಸಿ ಹೇಳಿ. ಕಥೆ ಕೇಳಬಹುದು, ಹಾಡಬಹುದು, ಶಿಲುಬೆ ಗುರುತು ಬೇಡ ಎಂದರೆ ಅವರಿಗೆ ಅರ್ಥವಾಗುತ್ತದೆ. ಮುಂದೆ ಬರುವ ಎರಡು ಸಂದರ್ಭಗಳನ್ನೂ ಈಗಲೇ ಪ್ರಸ್ತಾಪಿಸಿ. ಒಂದು, ಇಡೀ ಶಾಲೆ ಸೇರುವ ಬಲಿಪೂಜೆ, ಅಂದರೆ ಮಾಸ್. ಅದರಲ್ಲಿ ಚರ್ಚಿನ ಗುರುಗಳು ಕೊಡುವ ಪವಿತ್ರ ರೊಟ್ಟಿ, ಪರಮಪ್ರಸಾದ, ಕ್ಯಾಥೊಲಿಕರಿಗೆ ಮಾತ್ರ. ಉಳಿದ ಮಕ್ಕಳು ಎರಡೂ ಕೈಯನ್ನು ಎದೆಯ ಮೇಲೆ ಅಡ್ಡಲಾಗಿಟ್ಟು ಹೋದರೆ ಗುರುಗಳು ಹರಸಿ ಕಳಿಸುತ್ತಾರೆ. ಬೇಡವಾದರೆ ಕೂತಲ್ಲೇ ಇರಬಹುದು. ಇಯರ್ ತ್ರೀ ಹೊತ್ತಿಗೆ ಗೆಳೆಯರೆಲ್ಲ ಮೊದಲ ಪರಮಪ್ರಸಾದಕ್ಕೆ ತಯಾರಾಗುವಾಗ, ನನಗ್ಯಾಕೆ ಇಲ್ಲ ಎಂದು ನಿಮ್ಮ ಮಗ ಕೇಳಿಯೇ ಕೇಳುತ್ತಾನೆ. ಅದಕ್ಕೆ ಉತ್ತರ ಈಗಿನಿಂದಲೇ ಮನೆಯಲ್ಲಿ ತಯಾರಾಗಿರಲಿ.

ಇನ್ನೊಂದು, ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ. ಹಿಂದಿನ ವರ್ಷ ಗರಿಗಳ ಭಾನುವಾರದಂದು ಹರಸಿ ಕೊಟ್ಟ ಗರಿಗಳನ್ನು ಸುಟ್ಟ ಬೂದಿಯಿಂದ ಹಣೆಗೆ ಶಿಲುಬೆ ಬರೆಯುತ್ತಾರೆ. ಕ್ರೈಸ್ತರಾಗುವ ದೀಕ್ಷಾಸ್ನಾನ ಆಗದವರೂ ಅದನ್ನು ಹಚ್ಚಿಸಿಕೊಳ್ಳಬಹುದು, ಹಾಗಾಗಿ ನೀವು ಹೇಳದಿದ್ದರೆ ನಿಮ್ಮ ಮಗನ ಹಣೆಗೂ ಬರುತ್ತದೆ. ನಿಮ್ಮದು ವಿಭೂತಿ ಹಚ್ಚುವ ಮನೆ. ಎರಡೂ ಒಂದೇ ಕಣೋ ಎಂದು ಮಗುವಿಗೆ ಸುಲಭದ ಮಾತು ಹೇಳಬೇಡಿ, ಒಂದೇ ಅಲ್ಲ. ಅಲ್ಲಿ ಅದು ಪಶ್ಚಾತ್ತಾಪದ, ಮಣ್ಣಿಗೆ ಮರಳುವ ದೇಹದ ನೆನಪು. ನಿಮ್ಮ ವಿಭೂತಿಯ ಅರ್ಥವನ್ನು ಅವನಿಗೆ ಹೇಳಿಕೊಡಬೇಕಾದವರು ಅತ್ತೆ.

ಅತ್ತೆಯವರ ಸಂಕಟ ಸಣ್ಣದೆಂದು ನನಗೆ ಅನ್ನಿಸುವುದಿಲ್ಲ. ಮೊಮ್ಮಗ ಕೈತಪ್ಪಿ ಹೋದನೆಂದು ಅವರಿಗೆ ಭಯವಾಗಿದೆ. ಆದರೆ ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಊಟಕ್ಕೆ ಮುಂಚೆ ನಿಮ್ಮ ಮನೆಯಲ್ಲಿ ಏನು ಹೇಳುತ್ತೀರಿ? ಟಿವಿ ಹಚ್ಚಿಕೊಂಡು ಉಣ್ಣುವ ಮನೆಯಾದರೆ ಮಗು ಶಾಲೆಯಲ್ಲಿ ಕಲಿತದ್ದನ್ನೇ ತರುತ್ತದೆ. ಅತ್ತೆ ಇರುವ ಈ ದಿನಗಳಲ್ಲಿ ಬೆಳಿಗ್ಗೆ ಅವರು ಪೂಜೆಗೆ ಕೂತಾಗ ಅವನನ್ನು ಪಕ್ಕದಲ್ಲಿ ಕೂರಿಸಿ, ಒಂದು ಚಿಕ್ಕ ವಚನ ಬಾಯಿಗೆ ಬರಲಿ. ಊಟದ ಮುಂಚೆ ಅದನ್ನೇ ಹೇಳಲಿ. ತರಗತಿಯ ಪ್ರಾರ್ಥನೆಗೆ ಮನೆಯವರನ್ನು ಕರೆಯುವ ದಿನವೂ ಬಹಳ ಶಾಲೆಗಳಲ್ಲಿ ಇರುತ್ತದೆ. ಆ ದಿನ ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಹಿಂದಿನ ಸಾಲಿನಲ್ಲಿ ಕೂತು ನೋಡಲಿ. ಅದೆಲ್ಲ ಆದ ಮೇಲೂ ಅವರಿಗೂ ನಿಮ್ಮ ಯಜಮಾನರಿಗೂ ಬೇಡ ಅನ್ನಿಸಿದರೆ, ಆಗ ಪತ್ರ ಬರೆಯಿರಿ. ಯಾರೂ ತಪ್ಪು ತಿಳಿಯುವುದಿಲ್ಲ.

ಪ್ರಶ್ನೆ: ನಾವು ಮೂಡುಬಿದಿರೆಯ ಕ್ಯಾಥೊಲಿಕರು, ಈಗ ಮ್ಯಾಂಚೆಸ್ಟರಿನಲ್ಲಿದ್ದೇವೆ. ಮಗಳಿಗೆ ಈ ವರ್ಷ ಮೊದಲ ಪರಮಪ್ರಸಾದ. ಶಾಲೆಯ ಪ್ರಾರ್ಥನೆ ನೋಡಲು ಕರೆದಿದ್ದರು. ಬ್ಯಾಟರಿ ಬತ್ತಿ, ಕಣ್ಣು ಮುಚ್ಚಿ ಸುಮ್ಮನೆ ಕೂರುವುದು, ಕಾಗದದ ಎಲೆ. ಸಂಜೆ ಮೊಣಕಾಲೂರಿ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಹೇಳಿ ಬೆಳೆದವನು ನಾನು. ಇದೂ ಪ್ರಾರ್ಥನೆಯೇ? ಮಗಳಿಗೆ ತೇರ್ಸ್ ಬರುವುದೇ ಇಲ್ಲ.

ಉತ್ತರ: ಹೌದು, ಇದೂ ಪ್ರಾರ್ಥನೆಯೇ. ಬತ್ತಿ ಬ್ಯಾಟರಿಯದ್ದಾಗಿರುವುದು ಬೆಂಕಿಯ ಭಯದಿಂದ, ಅದನ್ನು ಮರೆತುಬಿಡಿ. ಸೇರುವುದು, ಬೈಬಲ್ ವಾಕ್ಯ ಕೇಳುವುದು, ಸ್ಪಂದಿಸುವುದು, ಹೊರಟು ಮಾಡುವುದು ಎಂಬ ಆ ನಾಲ್ಕು ಹಂತದ ಕ್ರಮದಲ್ಲಿ ಬಲಿಪೂಜೆಯದೇ ಅಚ್ಚಿದೆ. ಮಕ್ಕಳು ತಾವೇ ತಯಾರಿ ಮಾಡಿ ನಡೆಸಲು ಕಲಿಯಬೇಕೆಂಬುದು ಇಂಗ್ಲೆಂಡ್ ಮತ್ತು ವೇಲ್ಸಿನ ಬಿಷಪರ ಆಶಯವೂ ಹೌದು, 2023ರಲ್ಲಿ ಅವರು ಇದಕ್ಕೆಂದೇ ಮಾರ್ಗದರ್ಶಿ ಪುಸ್ತಕ ತಂದರು. ಏಳು ವರ್ಷದ ಮಗು ತಾನೇ ವಾಕ್ಯ ಆರಿಸಿ, ತನ್ನ ಮಾತಿನಲ್ಲಿ ದೇವರೊಡನೆ ಮಾತಾಡುವುದು ನಮ್ಮ ಕಾಲದಲ್ಲಿ ಎಲ್ಲಿತ್ತು?

ತೇರ್ಸಿನ ವಿಷಯದಲ್ಲಿ ನಿಮ್ಮ ಕೊರಗು ನನಗೂ ಇದೆ. ಅಕ್ಟೋಬರಿನಲ್ಲಿ, ಮೇ ತಿಂಗಳಲ್ಲಿ ಶಾಲೆಗಳು ಜಪಮಾಲೆ ಹಿಡಿಸುತ್ತವೆ, ಆದರೆ ಮಾತೆಯ ಜಪ ನಾಲಿಗೆಗೆ ಹತ್ತುವುದು ಮನೆಯಲ್ಲಿ. ಹತ್ತು ಹತ್ತು ಮಣಿಗಳ ಐದೂ ದಶಕ ಹೇಳಿಸಲು ಹೋಗಬೇಡಿ, ಮಗು ನಿದ್ದೆ ಮಾಡುತ್ತದೆ. ದಿನಕ್ಕೊಂದು ದಶಕ, ಕೊಂಕಣಿಯಲ್ಲೇ. ಶಾಲೆಯಲ್ಲಿ ಇಂಗ್ಲಿಷಿನದು ಹೇಗೂ ಬಾಯಿಪಾಠವಾಗಿರುತ್ತದೆ. ಇನ್ನೊಂದು ಮಾಡಿ. ಸೆಪ್ಟೆಂಬರ್ 8 ಅಲ್ಲಿನ ಶಾಲೆಗಳಲ್ಲಿ ಹೆಚ್ಚು ಸದ್ದಿಲ್ಲದೆ ಕಳೆದುಹೋಗುತ್ತದೆ. ನಮಗದು ಮೊಂತಿ ಫೆಸ್ತ್. ಒಂಬತ್ತು ದಿನ ಯೇಸುವಿನ ತಾಯಿ ಮರಿಯಮ್ಮನಿಗೆ ಹೂ ಹಾಕುವ, ಹೊಸ ತೆನೆಗೆ ಆಶೀರ್ವಾದ ಪಡೆದು ಮನೆಗೆ ತರುವ ಹಬ್ಬ. ಹೊಸ ಶಾಲಾವರ್ಷವೂ ಆಗಷ್ಟೇ ಶುರುವಾಗಿರುತ್ತದೆ. ಮಗಳ ಕೈಯಲ್ಲಿ ಹೂ ಕೊಟ್ಟು ಕಳಿಸಿ, ತರಗತಿಯ ಆ ಪುಟ್ಟ ಮೇಜಿನ ಮೇಲೆ ಇಡಬಹುದೇ ಎಂದು ಟೀಚರನ್ನು ಕೇಳಲಿ. ನನಗೆ ಗೊತ್ತಿರುವ ಟೀಚರುಗಳಾರೂ ಬೇಡ ಎನ್ನುವವರಲ್ಲ.

ಪ್ರಶ್ನೆ: ಮಲೆನಾಡಿನ ಅನುದಾನಿತ ಕನ್ನಡ ಮಾಧ್ಯಮ ಕ್ಯಾಥೊಲಿಕ್ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ ನಾನು. ನಮ್ಮಲ್ಲಿ ಕ್ರೈಸ್ತೇತರ ಮಕ್ಕಳೇ ಹೆಚ್ಚು. ಪೋಷಕರೊಬ್ಬರು ಬೆಳಗಿನ ಪ್ರಾರ್ಥನೆ ಕಡ್ಡಾಯವೇ ಎಂದು ಕೇಳಿದರು. ಏನು ಹೇಳಲಿ?

ಉತ್ತರ: ಕಡ್ಡಾಯವಲ್ಲ ಎಂದು ಹೇಳಿ. ನಮ್ಮ ಸಂವಿಧಾನದ 28(3)ನೇ ವಿಧಿಯ ಪ್ರಕಾರ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಧಾರ್ಮಿಕ ಬೋಧನೆಗಾಗಲಿ ಪೂಜೆಗಾಗಲಿ ಯಾವ ವಿದ್ಯಾರ್ಥಿಯನ್ನೂ ಒತ್ತಾಯಿಸುವಂತಿಲ್ಲ. ಚಿಕ್ಕ ಮಕ್ಕಳಾದರೆ ಪೋಷಕರ ಒಪ್ಪಿಗೆ ಬೇಕು. ಇಂಗ್ಲೆಂಡಿನಲ್ಲಿ ತಂದೆತಾಯಿ ಬೇಡ ಎನ್ನುವವರೆಗೆ ಮಗು ಪ್ರಾರ್ಥನೆಯ ಒಳಗೆ, ನಮ್ಮಲ್ಲಿ ಅವರು ಹೂಂ ಎಂದ ಮೇಲೆ ಒಳಗೆ. ನನಗೆ ನಮ್ಮ ಕ್ರಮವೇ ಹೆಚ್ಚು ಸರಿ ಎನಿಸುತ್ತದೆ. ಪ್ರವೇಶದ ಅರ್ಜಿಯಲ್ಲಿ ಇದಕ್ಕೆ ಬೇರೆಯೇ ಒಂದು ಸಾಲು, ಬೇರೆಯೇ ಒಂದು ಸಹಿ ಇರಲಿ. ಕನ್ನಡದಲ್ಲಿರಲಿ, ಓದಲು ಬಾರದವರಿಗೆ ಓದಿ ಹೇಳಿ. ಒಪ್ಪದ ಮನೆಯ ಮಗುವನ್ನು ಸಾಲಿನಿಂದ ಹೊರಗೆ ನಿಲ್ಲಿಸಬೇಡಿ. ಸಾಲಿನಲ್ಲೇ ಸುಮ್ಮನೆ ನಿಲ್ಲಬಹುದು ಎಂದು ನೀವೇ ಅದರ ಹತ್ತಿರ ಹೋಗಿ ಹೇಳಿ, ಉಳಿದ ಶಿಕ್ಷಕರಿಗೂ ತಿಳಿಸಿಡಿ.