ಎಂಟೂಕಾಲಿನ ಬಸ್ಸು

ನಮಸ್ಕಾರ,

‘ಸಭಾ ನಾಯಕತ್ವದಲ್ಲಿ ಆಲಿಸುವಿಕೆಯ ಮಹತ್ವ’ ಎಂಬ, ಚರ್ಚಿನ ನಾಯಕರ ಕುರಿತ ನಿಮ್ಮ ಲೇಖನ ತಲುಪಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ‘ವಿಷಾದಿಸುತ್ತೇವೆ’ ಎಂದು ಸುಮ್ನೆ ಎರಡು ಸಾಲು ಬರೆದು ಕೈತೊಳೆದುಕೊಳ್ಳಲೂ ಮನಸ್ಸು ಬರಲಿಲ್ಲ. ಕಾರಣ ನಿಮ್ಮ ಆರನೇ ಪುಟದಲ್ಲಿದೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಒಂದನೇ ಪುಟ. ದೇವರು ಎರಡು ಕಿವಿ, ಒಂದು ಬಾಯಿ ಕೊಟ್ಟಿದ್ದಾನೆ ಎಂದು ಶುರು ಮಾಡಿದ್ದೀರಿ. ಈ ವಿಷಯದ ಮೇಲೆ ನಮಗೆ ಬರುವ ಮುಕ್ಕಾಲು ಲೇಖನಗಳು ಹೀಗೇ ಶುರುವಾಗುತ್ತವೆ. ಓದುವವರು ಅಲ್ಲೇ ಪುಟ ತಿರುಗಿಸಿಬಿಡುತ್ತಾರೆ. ಅದರ ಕೆಳಗೆ ‘ಸದಾ ಸುವಾರ್ತೆ ಸಾರಿರಿ, ಬೇಕಾದರೆ ಮಾತ್ರ ಮಾತು ಬಳಸಿರಿ’ ಎಂಬುದನ್ನು ಅಸ್ಸಿಸಿಯ ಸಂತ ಫ್ರಾನ್ಸಿಸರ ಹೆಸರಿಗೆ ಹಾಕಿದ್ದೀರಿ. ಅವರ ಬರಹಗಳಲ್ಲಿ ಆ ಮಾತು ಎಲ್ಲೂ ಇಲ್ಲ. ವಾಟ್ಸಾಪ್‌ನಲ್ಲಿ ಬಂದಿದ್ದು, ಅಲ್ವಾ? ತೆಗೆದುಬಿಡಿ.

ಇನ್ನು ‘ಆಲಿಸುವಿಕೆ’. ಪೆನ್ಸಿಲ್ ಹಿಡಿದು ಎಣಿಸಿದೆ, 43 ಸಲ ಬಂದಿದೆ. ಪದ ತಪ್ಪೇನಲ್ಲ. ಆದರೆ ಮನೆಯಲ್ಲಿ ಯಾರೂ ‘ನನ್ನನ್ನು ಆಲಿಸು’ ಅನ್ನುವುದಿಲ್ಲ. ‘ನಾನು ಹೇಳೋದು ಸ್ವಲ್ಪ ಕೇಳು’ ಅನ್ನುತ್ತಾರೆ. ನಮ್ಮ ‘ಕೇಳು’ ಎಂಥ ಪದ ನೋಡಿ. ಕಿವಿಗೊಡುವುದೂ ಕೇಳುವುದೇ, ಪ್ರಶ್ನೆ ಹಾಕುವುದೂ ಕೇಳುವುದೇ, ಬೇಡುವುದೂ ಕೇಳುವುದೇ. ನಿಮ್ಮ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಹಾಯ ಎಲ್ಲಿ ಸಿಗುತ್ತದೆ? ಸಭೆಯ ಪಾಸ್ಟರ್ ಅಯ್ಯನವರು ಸುಮ್ಮನೆ ಕೂತು ತಲೆಯಾಡಿಸಿದರೆ ಅರ್ಧ ಕೆಲಸ ಮಾತ್ರ ಆಯಿತು. ‘ಆಮೇಲೇನಾಯ್ತು?’ ಎಂದು ತಿರುಗಿ ಕೇಳಿದರೆ ಇನ್ನರ್ಧ.

ಗಿಬ್ಯೋನಿನಲ್ಲಿ ದೇವರು ಕನಸಿನಲ್ಲಿ ಬಂದು ‘ಏನು ಬೇಕು’ ಅಂದಾಗ ಬೈಬಲಿನ ಅರಸ ಸೊಲೊಮೋನ ಕೇಳಿದ್ದು ಜ್ಞಾನ ಎಂದು ಬರೆದು ಮುಂದೆ ಹೋಗಿದ್ದೀರಿ. ಹೀಬ್ರೂ ಮೂಲದಲ್ಲಿರುವುದು ‘ಕೇಳುವ ಹೃದಯ’. ಅಪ್ಪ ಕೇಳಿದ್ದು ಕೇಳುವ ಹೃದಯವನ್ನು. ಮಗನಿಗೆ ಅದು ಬರಲೇ ಇಲ್ಲ.

ಆ ಮಗ ರೆಹಬ್ಬಾಮನನ್ನು ‘ಹಿರಿಯರ ಮಾತು ಕೇಳದೆ ಕೆಟ್ಟನು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅರಸುಗಳು ಮೊದಲನೆಯ ಪುಸ್ತಕದ 12ನೇ ಅಧ್ಯಾಯ ಇನ್ನೊಮ್ಮೆ ತೆಗೆಯಿರಿ. ಅವನು ಕೇಳಲಿಲ್ಲ ಅನ್ನುವ ಹಾಗಿಲ್ಲ. ನಿಮ್ಮಪ್ಪ ಹೊರಿಸಿದ ನೊಗ ಹಗುರ ಮಾಡು ಎಂದು ಜನ ಬಂದರು. ಮೂರು ದಿನ ಬಿಟ್ಟು ಬನ್ನಿ ಅಂದ. ಹಿರಿಯರನ್ನು ಕರೆದು ಕೇಳಿದ. ಜೊತೆಗೆ ಬೆಳೆದ ಹುಡುಗರನ್ನೂ ಕೇಳಿದ. ನಮ್ಮ ಕಮಿಟಿಯಾಗಿದ್ದರೆ ‘ಎಲ್ಲರ ಅಭಿಪ್ರಾಯ ಪಡೆಯಲಾಯಿತು’ ಎಂದು ಮಿನಿಟ್ಸ್ ಪುಸ್ತಕದಲ್ಲಿ ಧೈರ್ಯವಾಗಿ ಬರೆಯಬಹುದಿತ್ತು. ಆಮೇಲೆ ತನಗೆ ರುಚಿಸಿದ್ದನ್ನು ಹಿಡಿದುಕೊಂಡು, ಅಪ್ಪ ಬಾರುಕೋಲಿನಲ್ಲಿ ಹೊಡೆಸಿದ, ನಾನು ಮುಳ್ಳುಕೊರಡೆಯಲ್ಲಿ ಹೊಡೆಸುತ್ತೇನೆ ಅಂದ. ಇಸ್ರಾಯೇಲಿನ ಹತ್ತು ಕುಲಗಳು ಅವನನ್ನು ಬಿಟ್ಟು ಎದ್ದು ಹೋದವು. ಕಿವಿಯನ್ನೇ ಕೊಡದ ನಾಯಕ ಯಾರ ಕಣ್ಣಿಗೂ ಬೀಳುತ್ತಾನೆ. ಕೇಳುವ ಶಾಸ್ತ್ರ ಮುಗಿಸಿ ಎದ್ದು ಹೋಗುವವನ ಬಗ್ಗೆ ಬರೆಯುವವರು ಕಡಿಮೆ. ನೀವು ಬರೆಯಿರಿ.

ನಾಲ್ಕು, ಐದನೇ ಪುಟಗಳಲ್ಲಿ ಪೋಪ್ ಫ್ರಾನ್ಸಿಸ್ 2021ರಲ್ಲಿ ಶುರು ಮಾಡಿ 2024ರಲ್ಲಿ ಮುಗಿಸಿದ ಸಿನೊಡ್, ಅಂದರೆ ಕಥೋಲಿಕ ಸಭೆಯ ಸಮಾಲೋಚನಾ ಸಮ್ಮೇಳನದ ಬಗ್ಗೆ ಇದೆ. ಪತ್ರಿಕಾ ಪ್ರಕಟಣೆ ಓದಿದ ಹಾಗಾಯಿತು. ನಿಮ್ಮದು ಕಥೋಲಿಕ ಸಭೆಯಲ್ಲ. ಆದರೂ ಅಲ್ಲಿಂದ ಎತ್ತಿಕೊಳ್ಳಬೇಕಾದದ್ದು ಒಂದಿದೆ. 2023ರ ಅಧಿವೇಶನದಲ್ಲಿ ವ್ಯಾಟಿಕನ್ನಿನ ಸಭಾಂಗಣದಲ್ಲಿ ದುಂಡು ಮೇಜು ಹಾಕಿದರು. ಕಾರ್ಡಿನಲ್ಲರು, ಬಿಷಪ್ಪರು, ಹೆಂಗಸರು ಎಲ್ಲ ಒಂದೇ ಮೇಜಿಗೆ. ಹೆಂಗಸರಿಗೆ ಮತ ಹಾಕುವ ಹಕ್ಕೂ ಸಿಕ್ಕಿದ್ದು ಅದೇ ಮೊದಲು. ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರೂ ತಮ್ಮ ಮಾತು ಹೇಳಬೇಕು. ನಂತರ ಸ್ವಲ್ಪ ಹೊತ್ತು ಮೌನ. ಎರಡನೇ ಸುತ್ತಿನಲ್ಲಿ ತಮ್ಮ ಮಾತು ಮತ್ತೆ ಹೇಳುವಂತಿಲ್ಲ. ಬೇರೆಯವರು ಆಡಿದ್ದರಲ್ಲಿ ಯಾವುದು ಮನಸ್ಸಿಗೆ ತಟ್ಟಿತು ಎಂದಷ್ಟೇ ಹೇಳಬೇಕು. ಚರ್ಚೆ ಅದಾದ ಮೇಲೆ. ನಿಮ್ಮ ಸಭೆಯ ಆಡಳಿತ ನೋಡುವ ಪಾಸ್ಟೋರೇಟ್ ಕಮಿಟಿಯಲ್ಲಿ ಈ ಎರಡನೇ ಸುತ್ತು ಇಟ್ಟರೆ ಎಷ್ಟು ಜನರ ಬಾಯಿ ಕಟ್ಟುತ್ತದೆ, ಯೋಚಿಸಿ! ಇದೊಂದು ಪ್ಯಾರಾ ಇಟ್ಟುಕೊಳ್ಳಿ, ಉಳಿದದ್ದು ಬೇಡ.

ಈಗ ಆರನೇ ಪುಟ. ‘ಒಮ್ಮೆ ಆರಾಧನೆಯ ಸಮಯ ಬದಲಾದಾಗ ಹಿರಿಯ ಸದಸ್ಯೆಯೊಬ್ಬರು ಅಸಮಾಧಾನ ವ್ಯಕ್ತಪಡಿಸಲು ಯತ್ನಿಸಿದರೂ ಸೂಕ್ತ ಸ್ಪಂದನೆ ದೊರೆಯಲಿಲ್ಲ’ ಎಂಬ ಸಾಲು. ಇದೇನು ವಿಷಯ ಎಂದು ನಾನು ಫೋನ್ ಮಾಡಿದಾಗ ನೀವು ಹೇಳಿದ್ದೇ ಬೇರೆ. ಒಂಬತ್ತೂವರೆಯ ಆರಾಧನೆ ಎಂಟಕ್ಕೆ ಬಂತು. ಆ ಹಿರಿಯ ಸದಸ್ಯೆ, ಅಜ್ಜಿಯ ಊರಿನಿಂದ ಮೊದಲ ಬಸ್ಸೇ ಎಂಟೂಕಾಲಿಗೆ. ಅವರು ಬಂದು ಇಳಿಯುವಾಗ ಪ್ರಸಂಗ ಮುಗಿಯುತ್ತಾ ಬಂದಿತ್ತು. ಆರಾಧನೆ ಆದ ಮೇಲೆ ವೆಸ್ಟ್ರಿ, ಅಂದರೆ ಚರ್ಚಿನ ಒಳಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸೆರಗಿನ ತುದಿ ಹಿಡಿದು ನಿಂತಿದ್ದರು. ನೀವು ಒಳಗೆ ಕಾಣಿಕೆ ಎಣಿಸುತ್ತಿದ್ದಿರಿ. ‘ಅಯ್ನೋರೇ, ಆ ಬಸ್ಸು...’ ಅಂದರು. ಅಯ್ಯನವರು ನಗುತ್ತಲೇ ಅವರ ತಲೆಯ ಮೇಲೆ ಕೈಯಿಟ್ಟು ‘ಪ್ರಾರ್ಥನೆ ಮಾಡೋಣ ಅಜ್ಜಿ’ ಅಂದರು. ಕಣ್ಣು ಮುಚ್ಚಿದರು. ಅಜ್ಜಿಯೂ ಮುಚ್ಚಿದರು. ಆಮೆನ್ ಆಯಿತು. ಅಜ್ಜಿ ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಇದನ್ನು ಬಿಟ್ಟು ‘ಸೂಕ್ತ ಸ್ಪಂದನೆ ದೊರೆಯಲಿಲ್ಲ’ ಎಂದು ಬರೆದಿದ್ದೀರಲ್ಲ, ಮಾರಾಯ್ರೇ!

ನಿಮ್ಮ ಹೆದರಿಕೆ ಅರ್ಥವಾಗುತ್ತದೆ. ಭಾನುವಾರ ಮತ್ತೆ ಅಯ್ಯನವರ ಮುಖ ನೋಡಬೇಕು. ಊರು, ಹೆಸರು ಯಾವುದೂ ಬೇಡ. ಅಯ್ಯನವರನ್ನು ಕೆಟ್ಟವರನ್ನಾಗಿ ಮಾಡುವುದೂ ಬೇಡ. ಹತ್ತು ಗಂಟೆಗೆ ಅವರು ಇನ್ನೊಂದು ಊರಿನ ಸಭೆಗೆ ಓಡಬೇಕಿತ್ತು, ಸಮಯ ಬದಲಾಗಿದ್ದೇ ಅದಕ್ಕೆ ಅಂದಿರಿ. ಅದನ್ನೂ ಬರೆಯಿರಿ. ಅವಸರದಲ್ಲಿರುವ ಒಳ್ಳೆಯ ಮನುಷ್ಯನ ಕೈಯಲ್ಲಿ ಪ್ರಾರ್ಥನೆಯೇ ಮುಚ್ಚಳವಾಯಿತು. ಬಯ್ದು ಕಳಿಸಿದ್ದರೆ ಅಜ್ಜಿ ನಾಲ್ಕು ಜನರ ಹತ್ತಿರ ಹೇಳಿಕೊಳ್ಳಬಹುದಿತ್ತು. ಪ್ರಾರ್ಥನೆ ಮಾಡಿದವರ ಮೇಲೆ ಯಾರ ಹತ್ತಿರ ದೂರು ಹೇಳುವುದು?

ಇದರ ಪಕ್ಕಕ್ಕೆ ಬೈಬಲಿನ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ಇಡಿ. ನೀವು ಅದನ್ನು ಮುಟ್ಟಿಯೇ ಇಲ್ಲ, ಆಶ್ಚರ್ಯ. ದಿನದ ಊಟ ಹಂಚುವಾಗ ನಮ್ಮ ವಿಧವೆಯರನ್ನು ಬಿಡುತ್ತಿದ್ದೀರಿ ಎಂದು ಯೆರೂಸಲೇಮಿನ ಸಭೆಯಲ್ಲಿ ಗ್ರೀಕ್ ಮಾತಾಡುವವರು ಗೊಣಗಿದರು. ಹನ್ನೆರಡು ಮಂದಿ ಅಪೊಸ್ತಲರು ಎಲ್ಲರನ್ನೂ ಕರೆದು, ನೀವೇ ಏಳು ಜನರನ್ನು ಆರಿಸಿ, ಈ ಕೆಲಸ ಅವರಿಗೆ ಒಪ್ಪಿಸುತ್ತೇವೆ ಅಂದರು. ಬಡಿಸುವುದು ನಮ್ಮ ಕೆಲಸವಲ್ಲ ಎಂದೂ ಅಂದರು, ಆ ಮಾತು ನನಗೆ ಅಷ್ಟು ಹಿಡಿಸುವುದಿಲ್ಲ, ಇರಲಿ. ಆರಿಸಿದ ಹೆಸರು ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರು. ದೂರು ತಂದವರ ಕಡೆಯವರ ಕೈಗೇ ಊಟದ ಉಸ್ತುವಾರಿ ಹೋದ ಹಾಗೆ ಕಾಣುತ್ತದೆ. ಅಲ್ಲೂ ಪ್ರಾರ್ಥನೆ ಇದೆ, ಕೈಯಿಡುವುದೂ ಇದೆ. ಆದರೆ ಅದು ಏಳು ಜನ ಎದುರಿಗೆ ಬಂದು ನಿಂತ ಮೇಲೆ.

ಏಳನೇ ಪುಟದ ‘ಉತ್ತಮ ಆಲಿಸುಗನ ಹತ್ತು ಲಕ್ಷಣಗಳು’ ಪೂರ್ತಿ ಬೇಡ.

ಇನ್ನೊಂದು ವಿಷಯ. ಅಜ್ಜಿ ಈಗ ಆರಾಧನೆಗೆ ಬರುತ್ತಾರಾ ಅಂತ ಫೋನಿನಲ್ಲಿ ಕೇಳಿದ್ದಕ್ಕೆ ನೀವು ‘ಗೊತ್ತಿಲ್ಲ ಸರ್, ಗಮನಿಸಿಲ್ಲ’ ಅಂದಿರಿ. ಒಂದು ದಿನ ಅವರ ಊರಿಗೆ ಹೋಗಿ ಬನ್ನಿ. ನೋಟ್‌ಬುಕ್ ಬ್ಯಾಗಿನಲ್ಲೇ ಇರಲಿ. ಬಸ್ಸಿನ ಮಾತು ಅವರು ಪೂರ್ತಿ ಹೇಳಿ ಮುಗಿಸಲಿ. ಆಮೇಲೆ ಅಲ್ಲಿಂದಲೇ ಶುರು ಮಾಡಿ ಬರೆದು ಕಳಿಸಿ. ಮೂರು ಪುಟ ಸಾಕು.